500 ಲಾಟಿಗೆ ನಿಂತುಬಿಡುವ ಟರ್ಬೊ ಪ್ಯಾಸ್ಕಲ್ ಪ್ರೋಗ್ರಾಂ: ಬೆಳೆಯುವ ಅರೇ ನಾವೇ ಮಾಡಿಕೊಳ್ಳೋದು ಹೇಗೆ?

ಪ್ರಶ್ನೆ: ವಿಜಯಪುರದಲ್ಲಿ ನಮ್ಮದು ಒಣದ್ರಾಕ್ಷಿ ಅಡತ್ ಅಂಗಡಿ. 1990ರ ದಶಕದಲ್ಲಿ ನಮ್ಮ ಕಾಕಾ ಟರ್ಬೊ ಪ್ಯಾಸ್ಕಲ್ 7ರಲ್ಲಿ ಒಂದು ಪ್ರೋಗ್ರಾಂ ಬರೆಸಿದ್ದರು. ರೈತರ ಹೆಸರು, ಲಾಟ್ ನಂಬರ್, ಬಾಕ್ಸ್ ಎಷ್ಟು, ತೂಕ, ದರ ಹಾಕಿದರೆ ಪಟ್ಟಿ ಪ್ರಿಂಟ್ ಆಗುತ್ತದೆ. ಈಗ ಹಳೆಯ ಡಾಸ್ ಪ್ರೋಗ್ರಾಂಗಳನ್ನು ಓಡಿಸುವ ಡಾಸ್‌ಬಾಕ್ಸ್‌ನಲ್ಲಿ ಓಡಿಸುತ್ತಿದ್ದೇವೆ, ಚೆನ್ನಾಗಿಯೇ ಓಡುತ್ತದೆ. ಆದರೆ 500 ಲಾಟ್ ದಾಟಿದರೆ ನಿಂತುಬಿಡುತ್ತದೆ. ಸೋರ್ಸ್ ಕೋಡ್ ನನ್ನ ಹತ್ತಿರ ಇದೆ. ಲಾಟುಗಳನ್ನು ಸಾಲಾಗಿ ಇಡುವ ಅರೇಯನ್ನು 1500 ಮಾಡಿದರೆ ಕಂಪೈಲರ್ 'ಟೂ ಮೆನಿ ವೇರಿಯಬಲ್ಸ್' ಅನ್ನುತ್ತದೆ. ನಮಗೆ ಬೇಕಾಗಿರುವುದು 2200. ಅಷ್ಟು ಮಾಡಿದರೆ 'ಸ್ಟ್ರಕ್ಚರ್ ಟೂ ಲಾರ್ಜ್' ಅನ್ನುತ್ತದೆ. ಡೈನಾಮಿಕ್ ಅರೇ, ಸೆಟ್‌ಲೆಂತ್ ಬಳಸಿ ಅಂತ ಗೆಳೆಯ ಹೇಳಿದ. ಹಾಕಿದರೆ 'ಅನ್‌ನೋನ್ ಐಡೆಂಟಿಫೈಯರ್' ಅಂತ ಬಂತು. ಕಂಪೈಲರ್ ಹಾಳಾಗಿದೆಯಾ? ಒಂದು ಲಾಟಿನ ಬಾಕ್ಸ್ ತೂಕಗಳ ಅರೇಗೂ ಇದೇ ಗೋಳು. ಕೆಲವರದ್ದು 30 ಬಾಕ್ಸ್, ಕೆಲವರದ್ದು 600. ಏನು ಮಾಡಲಿ?

ಉತ್ತರ: ಕಂಪೈಲರ್ ಹಾಳಾಗಿಲ್ಲ. ನಿಮ್ಮ ಗೆಳೆಯ ಹೇಳಿದ್ದೂ ಸುಳ್ಳಲ್ಲ, ಅವರು ಬೇರೆ ಕಾಲದ ಪ್ಯಾಸ್ಕಲ್ ಬಗ್ಗೆ ಹೇಳಿದರು ಅಷ್ಟೇ. ಟರ್ಬೊ ಪ್ಯಾಸ್ಕಲ್ 7 ಬಂದದ್ದು 1992ರಲ್ಲಿ. ಸೆಟ್‌ಲೆಂತ್ ಹಾಕಿ ಅರೇ ಬೆಳೆಸುವ ಸೌಕರ್ಯ ಬೋರ್ಲ್ಯಾಂಡ್‌ನವರ ಡೆಲ್ಫಿ 4ರಲ್ಲಿ ಬಂತು, 1998ರಲ್ಲಿ. ನಮ್ಮ ಬೆಳಗಾವಿಯಲ್ಲಿ ವಿಟಿಯು ಶುರುವಾದ ವರ್ಷ ಅದು. ಆರು ವರ್ಷ ಮೊದಲೇ ಹುಟ್ಟಿದ ಕಂಪೈಲರಿಗೆ ಆ ಹೆಸರು ಗೊತ್ತಿರಲಿ ಅಂದರೆ ಹೇಗೆ, ಅಲ್ವಾ?

ಹಾಗಂತ ಕೈ ಕಟ್ಟಿ ಕೂರಬೇಕಾಗಿಲ್ಲ. ಡೈನಾಮಿಕ್ ಅರೇ ಅನ್ನೋದು ಒಳಗೆ ನೋಡಿದರೆ ಎರಡೇ ವಸ್ತು: ಮೆಮರಿಯಲ್ಲಿ ಒಂದು ತುಂಡು ಎಲ್ಲಿದೆ ಅಂತ ಹೇಳುವ ಪಾಯಿಂಟರ್, ಅದರಲ್ಲಿ ಎಷ್ಟು ಜಾಗ ಇದೆ ಅನ್ನುವ ಲೆಕ್ಕ. ಹೊಸ ಕಂಪೈಲರ್ ಈ ಲೆಕ್ಕವನ್ನು ತಾನೇ ಇಡುತ್ತದೆ. ಹಳೆಯದರಲ್ಲಿ ನೀವು ಇಡಬೇಕು. ಕೆಲಸದಲ್ಲಿ ಇರುವ ವ್ಯತ್ಯಾಸ ಇಷ್ಟೇ. ಆದರೆ ತಪ್ಪುಗಳೆಲ್ಲ ಹುಟ್ಟುವುದೂ ಆ ಲೆಕ್ಕದಲ್ಲೇ. ಅದಕ್ಕೇ ಉತ್ತರ ಸ್ವಲ್ಪ ಉದ್ದ ಆಗುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕೋಡನ್ನು ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ, ಓದಿ ತಿಳಿಯಲಿ ಅಂತ. ಟೈಪ್ ಮಾಡುವಾಗ ಪ್ಯಾಸ್ಕಲ್ ಪದಗಳನ್ನು ಅವುಗಳ ಮೂಲ ಸ್ಪೆಲಿಂಗ್‌ನಲ್ಲೇ ಹಾಕಿ. ವೇರಿಯಬಲ್‌ಗಳಿಗೆ ನಿಮಗೆ ಬೇಕಾದ ಹೆಸರು ಇಟ್ಟುಕೊಳ್ಳಿ.

ಮೊದಲು ಗೋಡೆ ಎಲ್ಲಿದೆ ನೋಡೋಣ

ನೀವು ಕಳಿಸಿದ ರೆಕಾರ್ಡ್ ನೋಡಿದೆ. ಹೆಸರಿಗೆ 25 ಅಕ್ಷರದ ಸ್ಟ್ರಿಂಗ್, ಉದ್ದ ಬರೆದಿಡಲು ಇನ್ನೊಂದು ಬೈಟ್ ಸೇರಿ 26. ಲಾಟ್ ನಂಬರ್ 2 ಬೈಟ್, ಬಾಕ್ಸ್ 2 ಬೈಟ್. ತೂಕ ಮತ್ತು ದರ ರಿಯಲ್, ಟರ್ಬೊ ಪ್ಯಾಸ್ಕಲ್‌ನಲ್ಲಿ ರಿಯಲ್‌ಗೆ 6 ಬೈಟ್. ಒಟ್ಟು 42 ಬೈಟ್.

ಟರ್ಬೊ ಪ್ಯಾಸ್ಕಲ್‌ನಲ್ಲಿ ಯಾವುದೇ ಒಂದು ಅರೇ ಅಥವಾ ರೆಕಾರ್ಡ್ 65520 ಬೈಟ್ ಮೀರುವಂತಿಲ್ಲ. 65520ನ್ನು 42ರಿಂದ ಭಾಗಿಸಿ: ಸರಿಯಾಗಿ 1560. ನಿಮ್ಮ 2200 ಲಾಟಿಗೆ 92400 ಬೈಟ್ ಬೇಕು. ಅದಕ್ಕೇ 'ಸ್ಟ್ರಕ್ಚರ್ ಟೂ ಲಾರ್ಜ್'. 1500 ಮಾಡಿದಾಗ 63000 ಬೈಟ್ ಆಯಿತು, ಆ ಮಿತಿಯೊಳಗೇ ಇತ್ತು. ಆದರೆ ಎಲ್ಲ ಗ್ಲೋಬಲ್ ವೇರಿಯಬಲ್‌ಗಳೂ ಸೇರಿ 64 ಕೆಬಿಯ ಒಂದೇ ಡೇಟಾ ಸೆಗ್ಮೆಂಟ್‌ನಲ್ಲಿ ಕೂರಬೇಕು. ಒಬ್ಬನೇ 63000 ಬೈಟ್ ಅಗಲ ಕಾಲು ಚಾಚಿ ಕೂತರೆ ಉಳಿದವರಿಗೆ ಜಾಗ ಎಲ್ಲಿ?

ಇದು ಪ್ಯಾಸ್ಕಲ್ ಭಾಷೆಯ ತಪ್ಪಲ್ಲ, ಆ ಕಾಲದ ಡಾಸ್ ಯಂತ್ರದ ರಚನೆ ಹಾಗಿತ್ತು. 16 ಬಿಟ್‌ನ ಒಂದು ವಿಳಾಸ 64 ಕೆಬಿಗಿಂತ ಆಚೆ ತೋರಿಸಲಾರದು. ಅಳತೆ ಮೊದಲೇ ಗೊತ್ತಿರಬೇಕು ಅನ್ನೋದು ಮಾತ್ರ ಭಾಷೆಯದ್ದೇ ಹಟ. ನಿಕ್ಲಾಸ್ ವಿರ್ತ್ 1970ರಲ್ಲಿ ಪ್ಯಾಸ್ಕಲ್ ಹೊರತಂದಾಗ ಅರೇಯ ಅಳತೆಯನ್ನು ಟೈಪ್‌ನ ಒಂದು ಭಾಗವನ್ನಾಗಿಯೇ ಮಾಡಿಟ್ಟರು. 10 ಮನೆಯ ಅರೇಗೆ ಬರೆದ ಪ್ರೊಸೀಜರ್ 20 ಮನೆಯದನ್ನು ತಗೊಳ್ಳುವುದಿಲ್ಲ. ಕಲಿಸೋಕೆ ಚೆನ್ನಾಗಿತ್ತು. ಅಂಗಡಿ ಲೆಕ್ಕಕ್ಕೆ ಬಂದಾಗ ಎಲ್ಲರೂ ಬೈದರು.

ಡೇಟಾ ಸೆಗ್ಮೆಂಟ್‌ನ ಹೊರಗೆ ಜಾಗ ಇದೆ. ಅದರ ಹೆಸರು ಹೀಪ್. 640 ಕೆಬಿಯಲ್ಲಿ ಡಾಸ್, ನಿಮ್ಮ ಪ್ರೋಗ್ರಾಂ, ಅದರ ಸ್ಟ್ಯಾಕ್ ಎಲ್ಲ ಕಳೆದು ಉಳಿದದ್ದೆಲ್ಲ ಅದೇ. ನಿಮ್ಮ ಪ್ರೋಗ್ರಾಂ ಇಷ್ಟು ವರ್ಷ ಆ ಗೋದಾಮಿನ ಬಾಗಿಲು ತೆಗೆದೇ ಇಲ್ಲ.

ಬಾಕ್ಸ್ ತೂಕ: ಅಳತೆ ಮೊದಲೇ ಗೊತ್ತಿದ್ದಾಗ

ಸುಲಭದ್ದನ್ನು ಮೊದಲು ಮುಗಿಸೋಣ. ಒಂದು ಲಾಟ್ ತೂಕಕ್ಕೆ ಬಂದಾಗ ಬಾಕ್ಸ್ ಎಷ್ಟು ಅಂತ ಮೊದಲೇ ಟೈಪ್ ಮಾಡುತ್ತೀರಿ. ಅಂದರೆ ಎಷ್ಟು ಜಾಗ ಬೇಕು ಅಂತ ಗೊತ್ತಿದೆ. ಆಗ ಹೀಗೆ:

ಟೈಪ್
 ತೂಕಸಾಲು = ಅರೇ [1..10920] ಆಫ್ ರಿಯಲ್;
 ತೂಕಪಾಯಿಂಟರ್ = ^ತೂಕಸಾಲು;
ವಾರ್
 ತೂಕ : ತೂಕಪಾಯಿಂಟರ್;
 ಜಾಗ : ವರ್ಡ್;

ನಂತರ ಕೆಲಸ ಮಾಡುವ ಕಡೆ:

ಜಾಗ := ಬಾಕ್ಸ್‌ಎಷ್ಟು;
ಗೆಟ್‌ಮೆಮ್(ತೂಕ, ಜಾಗ * ಸೈಜ್‌ಆಫ್(ರಿಯಲ್));
ತೂಕ^[1] := 14.85;
...
ಫ್ರೀಮೆಮ್(ತೂಕ, ಜಾಗ * ಸೈಜ್‌ಆಫ್(ರಿಯಲ್));

10920 ಎಲ್ಲಿಂದ ಬಂತು? 65520 ಭಾಗಿಸು 6. ಇದನ್ನು ನೋಡಿ ಹೆದರಬೇಡಿ. ಟೈಪ್ ಅಂತ ಬರೆದರೆ ಮೆಮರಿ ಖರ್ಚಾಗುವುದಿಲ್ಲ. 'ಅರೇ ಇಷ್ಟರ ತನಕ ಹೋಗಬಹುದು' ಅಂತ ಕಂಪೈಲರಿಗೆ ಹೇಳಿದ ಮಾತು ಅದು. ನಿಜವಾಗಿ ಜಾಗ ಕೊಡುವುದು ಗೆಟ್‌ಮೆಮ್. 30 ಬಾಕ್ಸಿನ ಲಾಟಿಗೆ 180 ಬೈಟ್ ಮಾತ್ರ ಹೋಗುತ್ತದೆ, 600ರದ್ದಕ್ಕೆ 3600. ಗ್ಲೋಬಲ್ ಜಾಗದಲ್ಲಿ ಕೂರುವುದು ಪಾಯಿಂಟರ್‌ನ 4 ಬೈಟ್ ಅಷ್ಟೇ.

ಕೆಲವು ಹಳೆಯ ಕೋಡಿನಲ್ಲಿ ಟೈಪನ್ನು ಅರೇ [0..0] ಅಂತ ಇಟ್ಟು, ರೇಂಜ್ ಚೆಕ್ (ಅರೇಯ ಅಳತೆ ಮೀರಿದರೆ ಹಿಡಿಯುವ ಕಾವಲು) ಮುಚ್ಚಿ ಕೆಲಸ ಸಾಗಿಸಿರುತ್ತಾರೆ. ನನಗೆ ಅದು ಸೇರೋದಿಲ್ಲ. ಆ ಒಂದು ಅರೇಗೋಸ್ಕರ ಆ ಭಾಗದ ಕೋಡಿನಲ್ಲಿ ಬೇರೆ ಎಲ್ಲ ಅರೇಗಳ ಕಾವಲೂ ಹೋಗುತ್ತದೆ. ದೊಡ್ಡ ಅಳತೆ ಹಾಕಿದರೆ ರೇಂಜ್ ಚೆಕ್ ತೆರೆದೇ ಇಡಬಹುದು. ಆದರೆ ನೆನಪಿರಲಿ, ನೀವು 30 ಮನೆ ಬೇಡಿ 31ನೇ ಮನೆಗೆ ಬರೆದರೆ ಈ ರೇಂಜ್ ಚೆಕ್ ಹಿಡಿಯುವುದಿಲ್ಲ. ಅದರ ಪ್ರಕಾರ 10920ರ ತನಕ ಎಲ್ಲ ಸರಿ. ಆ ಕಾವಲು ನೀವೇ ಹಾಕಿಕೊಳ್ಳಬೇಕು.

ಟರ್ಬೊ 7ರಲ್ಲಿ ಪ್ರೊಸೀಜರಿನ ಪ್ಯಾರಾಮೀಟರ್‌ನಲ್ಲಿ ಅಳತೆ ಇಲ್ಲದ 'ಅರೇ ಆಫ್ ರಿಯಲ್' ಬರೆಯಬಹುದು. ಅದನ್ನು ಕಂಡು ಡೈನಾಮಿಕ್ ಅರೇ ಸಿಕ್ಕಿತು ಅಂತ ಹಿಗ್ಗಬೇಡಿ. ಅದು ಓಪನ್ ಅರೇ. ಇದ್ದ ಅರೇಯನ್ನು ಒಳಗೆ ಕಳಿಸೋಕೆ ಮಾತ್ರ ಬರುತ್ತದೆ, ಬೆಳೆಸೋಕೆ ಬರುವುದಿಲ್ಲ. ನಮ್ಮ ತೂಕ^ ಅನ್ನು ಹಾಗೆ ಕಳಿಸಿದರೆ ಒಳಗೆ ಹೈ (ಕೊನೆಯ ಮನೆಯ ನಂಬರ್) ಕೇಳಿದಾಗ 10919 ಅನ್ನುತ್ತದೆ, 30 ಬಾಕ್ಸ್ ಅಂತ ಅಲ್ಲ. ಹಾಗಾಗಿ ಎಷ್ಟಿದೆ ಅನ್ನೋದನ್ನು ಇನ್ನೊಂದು ಪ್ಯಾರಾಮೀಟರಾಗಿ ಜೊತೆಗೇ ಕಳಿಸಿ.

6464 ಅನ್ನುವ ಕಳ್ಳ

ಗೆಟ್‌ಮೆಮ್‌ಗೆ ಅಳತೆ ಕೊಡುವ ಜಾಗ ವರ್ಡ್ ಟೈಪಿನದ್ದು. 65535ಕ್ಕಿಂತ ದೊಡ್ಡ ಸಂಖ್ಯೆ ಅದರಲ್ಲಿ ಹಿಡಿಯುವುದಿಲ್ಲ. ಯಾರೋ 12000 ರಿಯಲ್ ಬೇಕು ಅಂದರು ಅಂತ ಇಟ್ಟುಕೊಳ್ಳಿ. 12000 ಗುಣಿಸು 6 ಅಂದರೆ 72000. ವರ್ಡ್‌ನಲ್ಲಿ ಅದು 65536 ಕಳೆದುಕೊಂಡು 6464 ಆಗುತ್ತದೆ. ಚೆಕ್‌ಗಳು ಮುಚ್ಚಿದ್ದರೆ ಯಾವ ತಕರಾರೂ ಇಲ್ಲದೆ 6464 ಬೈಟ್ ಕೊಟ್ಟು ಕಳಿಸುತ್ತದೆ. ಪಾಯಿಂಟರ್ ಸರಿಯಾಗಿಯೇ ಇರುತ್ತದೆ, ನಿಲ್ (ಎಲ್ಲಿಗೂ ತೋರಿಸದ ಖಾಲಿ ಪಾಯಿಂಟರ್) ಅಲ್ಲ. 1077 ಸಂಖ್ಯೆ ಚೆನ್ನಾಗಿಯೇ ಬರೆಯಬಹುದು. 1078ನೆಯದು ಪಕ್ಕದವರ ಮನೆಗೆ ನುಗ್ಗುತ್ತದೆ. ಪಕ್ಕದಲ್ಲಿ ಏನೂ ಇಲ್ಲದಿದ್ದರೆ ಆ ದಿನ ಗೊತ್ತೇ ಆಗುವುದಿಲ್ಲ.

ಇದಕ್ಕೆ ಮದ್ದು ಸುಲಭ. ಗುಣಾಕಾರವನ್ನು ಲಾಂಗ್‌ಇಂಟ್‌ನಲ್ಲಿ ಮಾಡಿ, 65520 ಮೀರಿದೆಯಾ ನೋಡಿ, ಮೀರಿದ್ದರೆ ಪ್ರೋಗ್ರಾಂನಲ್ಲೇ ತಪ್ಪು ತೋರಿಸಿ ನಿಲ್ಲಿಸಿ. ಬರೆಯುವ ಹಂತದಲ್ಲಿ ಆರ್ ಮತ್ತು ಕ್ಯೂ ಎರಡೂ ಡೈರೆಕ್ಟಿವ್‌ಗಳನ್ನು ಪ್ಲಸ್ ಮಾಡಿಡಿ. ಆರ್ ರೇಂಜ್ ನೋಡುತ್ತದೆ, ಎರರ್ 201 ಕೊಡುತ್ತದೆ. ಕ್ಯೂ ಲೆಕ್ಕ ಉಕ್ಕಿದರೆ 215 ಕೊಡುತ್ತದೆ.

ನಾನೇ ಮಾಡಿದ ತಪ್ಪು

ಇದನ್ನು ಹೇಳದೆ ಮುಂದೆ ಹೋಗೋಕೆ ಮನಸ್ಸು ಬರುತ್ತಿಲ್ಲ. ಬೆಳಗಾವಿ ಜಿಲ್ಲೆಯ ಒಂದು ಸಕ್ಕರೆ ಕಾರ್ಖಾನೆಯ ತೂಕದ ಕಟ್ಟೆಗೆ ಟರ್ಬೊ ಪ್ಯಾಸ್ಕಲ್‌ನಲ್ಲಿ ಚೀಟಿ ಪ್ರೋಗ್ರಾಂ ಬರೆದಿದ್ದೆ. ದಿನಕ್ಕೆ ಎಷ್ಟು ಕಬ್ಬಿನ ಗಾಡಿ ಬರುತ್ತವೆ ಅಂತ ಯಾರಿಗೆ ಗೊತ್ತು? ಹಾಗಾಗಿ 200 ಗಾಡಿಯ ಜಾಗದಿಂದ ಶುರು ಮಾಡಿ, ತುಂಬಿದಾಗ ಎರಡು ಪಟ್ಟು ಮಾಡುವ ಹಾಗೆ ಬರೆದೆ. ಟರ್ಬೊದಲ್ಲಿ ಇದ್ದ ಜಾಗವನ್ನೇ ಹಿಗ್ಗಿಸುವ ಆದೇಶ ಇಲ್ಲ. ಹೊಸ ದೊಡ್ಡ ಜಾಗ ಬೇಡಬೇಕು, ಮೂವ್ ಹಾಕಿ ಹಳೆಯದನ್ನು ಅಲ್ಲಿಗೆ ಸಾಗಿಸಬೇಕು, ಆಮೇಲೆ ಹಳೆಯದನ್ನು ಬಿಡಬೇಕು. ನಾನು ಬರೆದದ್ದು ಹೀಗೆ:

ಗೆಟ್‌ಮೆಮ್(ಹೊಸದು, ಜಾಗ * 2 * 6);
ಮೂವ್(ಹಳೆಯದು^, ಹೊಸದು^, ಜಾಗ * 6);
ಜಾಗ := ಜಾಗ * 2;
ಫ್ರೀಮೆಮ್(ಹಳೆಯದು, ಜಾಗ * 6);

ಕಣ್ಣಿಗೆ ಬಿತ್ತಾ? ಮೂರನೇ ಸಾಲು ಮತ್ತು ನಾಲ್ಕನೇ ಸಾಲು ಅದಲುಬದಲು. ಬೇಡಿದ್ದು 1200 ಬೈಟ್, ವಾಪಸ್ ಕೊಟ್ಟದ್ದು 2400. ಟರ್ಬೊದ ಹೀಪ್ ಮ್ಯಾನೇಜರ್ ಯಾರಿಗೆ ಎಷ್ಟು ಕೊಟ್ಟೆ ಅಂತ ಬರೆದಿಟ್ಟುಕೊಳ್ಳುವುದಿಲ್ಲ. ನೀವು ಹೇಳಿದ ಅಳತೆಯನ್ನೇ ನಂಬುತ್ತದೆ. 2400 ಖಾಲಿ ಅಂದೆ, ಸರಿ ಅಂದಿತು. ಅದರಲ್ಲಿ ಹಿಂದಿನ ಅರ್ಧ ಚಾಲಕರ ಹೆಸರುಗಳ ಜಾಗ. ಮುಂದೆ ಇನ್ನೊಂದು ಅರೇ ಜಾಗ ಕೇಳಿದಾಗ ಆ ಖಾಲಿ ಜಾಗವನ್ನೇ ಎತ್ತಿ ಕೊಟ್ಟಿತು. ಹೆಸರುಗಳ ಮೇಲೆ ತೂಕಗಳು ಕೂತವು.

ಬೆಳಿಗ್ಗೆ ಯಾವ ತೊಂದರೆಯೂ ಇರುತ್ತಿರಲಿಲ್ಲ. ಮಧ್ಯಾಹ್ನ 200 ಗಾಡಿ ದಾಟಿದ ಮೇಲೆ ಚೀಟಿಯಲ್ಲಿ ಹೆಸರಿನ ಜಾಗದಲ್ಲಿ ನಗುವ ಮುಖ, ಇಸ್ಪೀಟಿನ ಚಿಹ್ನೆ, ಅರ್ಧ ಗೆರೆ. ಒಬ್ಬ ಚಾಲಕ ಕಿಟಕಿಯೊಳಗೆ ಚೀಟಿ ತೂರಿಸಿ "ಸಾಹೇಬ್ರ, ಇದು ನನ್ನ ಹೆಸರಲ್ರಿ" ಅಂದ. ನಾನು ಮೂರು ದಿನ ಪ್ರಿಂಟರ್ ಕೇಬಲ್ ಬದಲಿಸುತ್ತಾ ಕೂತೆ. ತಪ್ಪು ಎಲ್ಲಿತ್ತು ಅಂತ ಈಗ ನಿಮಗೆ ಗೊತ್ತು.

ಅಂದಿನಿಂದ ಫ್ರೀಮೆಮ್‌ಗೆ ಕೊಡುವ ಅಳತೆಯನ್ನು ನಾನು ಎಂದೂ ಮತ್ತೆ ಲೆಕ್ಕ ಹಾಕುವುದಿಲ್ಲ. ಪಾಯಿಂಟರ್ ಮತ್ತು ಬೇಡಿದ ಬೈಟ್ ಎರಡನ್ನೂ ಒಂದೇ ರೆಕಾರ್ಡಿನಲ್ಲಿ ಇಡುತ್ತೇನೆ. ಬಿಡುವಾಗ ಆ ಸಂಖ್ಯೆಯನ್ನೇ ಕೊಡುತ್ತೇನೆ, ಮರುಸಾಲಿನಲ್ಲೇ ಪಾಯಿಂಟರ್‌ಗೆ ನಿಲ್ ಹಾಕುತ್ತೇನೆ.

ಲಾಟುಗಳಿಗೆ: ಥಪ್ಪಿ ಹಾಕಿ

ಈಗ ನಿಮ್ಮ ನಿಜವಾದ ತೊಂದರೆ, 2200 ಲಾಟ್. ಎರಡು ಪಟ್ಟು ಮಾಡುವ ಉಪಾಯ ಇಲ್ಲಿ ನಡೆಯುವುದಿಲ್ಲ. 92400 ಬೈಟಿನ ಒಂದೇ ತುಂಡು ಗೆಟ್‌ಮೆಮ್ ಕೊಡಲಾರದು. ಕೊಟ್ಟರೂ ಸಾಗಿಸುವ ಹೊತ್ತಿಗೆ ಹಳೆಯದು, ಹೊಸದು ಎರಡೂ ಒಟ್ಟಿಗೆ ಮೆಮರಿಯಲ್ಲಿ ಇರಬೇಕು.

ಒಂದೊಂದು ಲಾಟಿಗೂ ಬೇರೆ ಬೇರೆ ಜಾಗ ಬೇಡಿ, ಪಾಯಿಂಟರ್‌ಗಳ ಅರೇ ಇಡಬಹುದು. ಬಹಳ ಜನ ಹಾಗೇ ಮಾಡುತ್ತಾರೆ. ಟರ್ಬೊ 7ರ ಹೀಪ್ 8 ಬೈಟಿನ ಗುಣಕದಲ್ಲಿ ಜಾಗ ಹಂಚುತ್ತದೆ. 42 ಬೇಡಿದರೆ 48 ಹೋಗುತ್ತದೆ. ಲಾಟಿಗೆ 6 ಬೈಟ್ ದಂಡ, ಪಾಯಿಂಟರಿಗೆ ಇನ್ನೂ 4. 2200 ಲಾಟಿಗೆ 114400 ಬೈಟ್ ಆಗುತ್ತದೆ. ನಡೆಯುತ್ತದೆ, ಆದರೆ ಇದಕ್ಕಿಂತ ಚಂದದ ದಾರಿ ಇದೆ.

ಗೋದಾಮಿನಲ್ಲಿ ಹಮಾಲರು ಬಾಕ್ಸ್ ಜೋಡಿಸೋದು ನೋಡಿದ್ದೀರಲ್ಲ. ಎಲ್ಲವನ್ನೂ ಒಂದೇ ಸಾಲಿಗೆ ಒಟ್ಟುವುದಿಲ್ಲ. ಇಷ್ಟಿಷ್ಟಕ್ಕೆ ಒಂದು ಥಪ್ಪಿ. ಒಂದು ತುಂಬಿದರೆ ಪಕ್ಕದಲ್ಲಿ ಇನ್ನೊಂದು ಶುರು. ಹಳೆಯ ಥಪ್ಪಿಯನ್ನು ಯಾರೂ ಮುಟ್ಟುವುದಿಲ್ಲ. ನಾವೂ ಹಾಗೇ 100 ಲಾಟಿಗೆ ಒಂದು ಥಪ್ಪಿ ಮಾಡೋಣ. 100 ಗುಣಿಸು 42 ಅಂದರೆ 4200, ಅದು 8ರಿಂದ ನಿಶ್ಶೇಷವಾಗಿ ಭಾಗ ಆಗುತ್ತದೆ. ಒಂದು ಬೈಟೂ ಪೋಲಾಗುವುದಿಲ್ಲ.

ಟೈಪ್
 ಲಾಟ್‌ಪಾಯಿಂಟರ್ = ^ಲಾಟ್‌ರೆಕಾರ್ಡ್;
 ಥಪ್ಪಿ = ಅರೇ [0..99] ಆಫ್ ಲಾಟ್‌ರೆಕಾರ್ಡ್;
 ಥಪ್ಪಿಪಾಯಿಂಟರ್ = ^ಥಪ್ಪಿ;
ವಾರ್
 ಥಪ್ಪಿಗಳು : ಅರೇ [0..99] ಆಫ್ ಥಪ್ಪಿಪಾಯಿಂಟರ್;
 ಒಟ್ಟು : ಇಂಟಿಜರ್;

ಗ್ಲೋಬಲ್ ಜಾಗದಲ್ಲಿ ಥಪ್ಪಿಗಳ ಪಟ್ಟಿ ತಿನ್ನುವುದು 400 ಬೈಟ್. ಈಗಿನ ನಿಮ್ಮ 500 ಲಾಟಿನ ಅರೇ 21000 ತಿನ್ನುತ್ತಿದೆ. ಹೊಸ ಲಾಟ್ ಸೇರಿಸುವ ಪ್ರೊಸೀಜರ್‌ನ ಹೊಟ್ಟೆ ಎರಡೇ ಸಾಲು:

ಇಫ್ ಒಟ್ಟು ಮಾಡ್ 100 = 0 ದೆನ್ ನ್ಯೂ(ಥಪ್ಪಿಗಳು[ಒಟ್ಟು ಡಿವ್ 100]);
ಇಂಕ್(ಒಟ್ಟು);

ಡಿವ್ ಭಾಗಲಬ್ಧ, ಮಾಡ್ ಶೇಷ. ಒಟ್ಟು ಸೊನ್ನೆ ಇದ್ದಾಗ ಮೊದಲ ಥಪ್ಪಿ ಹುಟ್ಟುತ್ತದೆ, 100 ಆದಾಗ ಎರಡನೆಯದು. ಇದಕ್ಕೂ ಮೊದಲು ಒಟ್ಟು 10000 ಮುಟ್ಟಿದೆಯಾ ಅಂತ ಒಂದು ಪರೀಕ್ಷೆ ಹಾಕಿ, ಯಾಕೆಂದರೆ ಥಪ್ಪಿಗಳ ಪಟ್ಟಿ ಅಲ್ಲಿಗೆ ಮುಗಿಯುತ್ತದೆ.

ಗಮನಿಸಿ, ಇಲ್ಲಿ ಗೆಟ್‌ಮೆಮ್ ಇಲ್ಲ, ನ್ಯೂ ಇದೆ. ಥಪ್ಪಿಯ ಅಳತೆ ಯಾವಾಗಲೂ ಒಂದೇ ಆದ್ದರಿಂದ ಕಂಪೈಲರೇ ಅದನ್ನು ತಿಳಿದಿರುತ್ತದೆ. ಬಿಡುವಾಗ ಡಿಸ್ಪೋಸ್ ಅಂದರೆ ಸಾಕು. ನಾನು ಸಕ್ಕರೆ ಕಾರ್ಖಾನೆಯಲ್ಲಿ ಮಾಡಿದ ತಪ್ಪನ್ನು ಇಲ್ಲಿ ಮಾಡಬೇಕು ಅಂದರೂ ಆಗುವುದಿಲ್ಲ. ನಾನು ಈ ದಾರಿ ಹಿಡಿಯಿರಿ ಅನ್ನೋದಕ್ಕೆ ಮೆಮರಿ ಉಳಿತಾಯಕ್ಕಿಂತ ಇದೇ ದೊಡ್ಡ ಕಾರಣ.

ಲಾಟ್ ಹುಡುಕೋದಕ್ಕೆ ಒಂದೇ ಒಂದು ಫಂಕ್ಷನ್ ಇರಲಿ:

ಫಂಕ್ಷನ್ ಲಾಟ್(ನಂ : ಇಂಟಿಜರ್) : ಲಾಟ್‌ಪಾಯಿಂಟರ್;
ಬಿಗಿನ್
 ಇಫ್ (ನಂ < 1) ಆರ್ (ನಂ > ಒಟ್ಟು) ದೆನ್ ತಪ್ಪುತೋರಿಸು(ನಂ);
 ಲಾಟ್ := @ಥಪ್ಪಿಗಳು[(ನಂ - 1) ಡಿವ್ 100]^[(ನಂ - 1) ಮಾಡ್ 100];
ಎಂಡ್;

ತಪ್ಪುತೋರಿಸು ಅನ್ನೋದು ನೀವೇ ಬರೆಯಬೇಕಾದ ಪ್ರೊಸೀಜರ್. ನಂಬರ್ ತೋರಿಸಿ ಹಾಲ್ಟ್ ಮಾಡಲಿ, ವಾಪಸ್ ಬರಬಾರದು. 237ನೇ ಲಾಟ್ ಕೇಳಿದರೆ 236 ಡಿವ್ 100 ಅಂದರೆ 2, ಶೇಷ 36. ಸೊನ್ನೆಯಿಂದ ಎಣಿಸುವುದರಿಂದ ಅದು ಮೂರನೇ ಥಪ್ಪಿಯ 37ನೇ ಮನೆ. ಹಳೆಯ ಕೋಡಿನಲ್ಲಿ ಎಲ್ಲೆಲ್ಲಿ ಅರೇ ಹೆಸರು ಹಾಕಿ ಚೌಕ ಆವರಣದಲ್ಲಿ ನಂಬರ್ ಇದೆಯೋ ಅಲ್ಲೆಲ್ಲ ಮೊದಲು ಒಂದು ಪಾಯಿಂಟರ್ ವೇರಿಯಬಲ್‌ಗೆ ಲಾಟ್(ನಂ) ತಗೊಳ್ಳಿ, ಆಮೇಲೆ ಆ ಪಾಯಿಂಟರ್‌ಗೆ ಗೋಪುರದ ಚಿಹ್ನೆ (^) ಹಾಕಿ ತೂಕ, ದರ ಬಳಸಿ. ಬೇಸರದ ಕೆಲಸ, ನಿಜ. ಎಡಿಟರ್‌ನ ಹುಡುಕಿ-ಬದಲಿಸುವ ಸೌಲಭ್ಯದಿಂದ ಒಂದೇ ಏಟಿಗೆ ಮಾಡೋಕೆ ಹೋಗಬೇಡಿ, ಒಂದೊಂದಾಗಿ ನೋಡಿ ಮಾಡಿ.

ಸಾರ್ಟಿಂಗ್ ಇದ್ದರೆ ಎರಡು ರೆಕಾರ್ಡ್‌ಗಳನ್ನು ಅದಲುಬದಲು ಮಾಡುವ ಕಡೆಯೂ ಇದೇ ಫಂಕ್ಷನ್ ಬಳಸಿ. ದಿನದ ಕೊನೆಗೆ ಎಲ್ಲ ಅಳಿಸುವಾಗ ಇರುವಷ್ಟು ಥಪ್ಪಿಗಳನ್ನು ಡಿಸ್ಪೋಸ್ ಮಾಡಿ, ಒಟ್ಟು ಸೊನ್ನೆ ಮಾಡಿ. ಒಟ್ಟು ಮಾತ್ರ ಸೊನ್ನೆ ಮಾಡಿ ಡಿಸ್ಪೋಸ್ ಮರೆತರೆ ಆ ಜಾಗ ಪ್ರೋಗ್ರಾಂ ಮುಚ್ಚುವ ತನಕ ಯಾರಿಗೂ ಸಿಗುವುದಿಲ್ಲ.

ಟರ್ಬೊ ಜೊತೆಗೇ ಬರುವ ಆಬ್ಜೆಕ್ಟ್ಸ್ ಯೂನಿಟ್‌ನಲ್ಲಿ ಟಿಕಲೆಕ್ಷನ್ ಅಂತ ಒಂದು ಸಿದ್ಧ ವಸ್ತು ಇದೆ. ತಾನೇ ಬೆಳೆಯುತ್ತದೆ, 16380 ಪಾಯಿಂಟರ್ ತನಕ ಹಿಡಿಯುತ್ತದೆ. ಆಬ್ಜೆಕ್ಟ್ ಬಳಸಿ ಅಭ್ಯಾಸ ಇದ್ದವರಿಗೆ ಒಳ್ಳೆಯದು. ನಿಮ್ಮ ಕಾಕಾ ಬರೆಸಿದ ಕೋಡಿನಲ್ಲಿ ಆಬ್ಜೆಕ್ಟ್ ಒಂದೂ ಇಲ್ಲ, ಅದಕ್ಕೆ ಈಗ ಹೊಸ ಶೈಲಿ ತುರುಕುವುದು ಬೇಡ ಅನ್ನೋದು ನನ್ನ ಅಭಿಪ್ರಾಯ.

ಜಾಗ ಮುಗಿದರೆ?

ಹೀಪ್‌ನಲ್ಲಿ ಜಾಗ ಇಲ್ಲದಿದ್ದರೆ ನ್ಯೂ ಆಗಲಿ ಗೆಟ್‌ಮೆಮ್ ಆಗಲಿ ರನ್‌ಟೈಮ್ ಎರರ್ 203 ಕೊಟ್ಟು ಪ್ರೋಗ್ರಾಂ ಕೊಂದುಬಿಡುತ್ತವೆ. ಎದುರಿಗೆ ರೈತ ಪಟ್ಟಿಗೆ ಕಾಯುತ್ತಾ ನಿಂತಿರುವಾಗ ಹೀಗಾಗಬಾರದು. ಬೇಡುವ ಮೊದಲು ಮ್ಯಾಕ್ಸ್‌ಅವೇಲ್ ಕೇಳಿ. ಅದು ಇರುವುದರಲ್ಲಿ ಅತಿ ದೊಡ್ಡ ಒಂದೇ ತುಂಡು ಎಷ್ಟು ಅಂತ ಹೇಳುತ್ತದೆ. ಮೆಮ್‌ಅವೇಲ್ ಕೇಳಬೇಡಿ, ಅದು ಚೂರುಪಾರು ಎಲ್ಲ ಕೂಡಿಸಿ ಹೇಳುತ್ತದೆ. ಮನೆಯಲ್ಲಿ ಅಲ್ಲೊಂದು ಇಲ್ಲೊಂದು ಮೂಲೆ ಖಾಲಿ ಇದ್ದರೆ ಮಂಚ ಹಾಕೋಕೆ ಆಗುತ್ತದಾ?

ಮ್ಯಾಕ್ಸ್‌ಅವೇಲ್ 4200ಕ್ಕಿಂತ ಕಡಿಮೆ ಇದ್ದರೆ 'ಮೆಮರಿ ಮುಗಿದಿದೆ, ಫೈಲಿಗೆ ಉಳಿಸಿ' ಅಂತ ತೋರಿಸಿ, ಉಳಿಸಿ, ಮರ್ಯಾದೆಯಿಂದ ಹೊರಬನ್ನಿ. ಹೀಪ್‌ಎರರ್ ಅನ್ನುವ ವೇರಿಯಬಲ್‌ಗೆ ನಿಮ್ಮದೇ ಫಂಕ್ಷನ್ ಕಟ್ಟಿ, ಅದು 1 ವಾಪಸ್ ಕೊಡುವ ಹಾಗೆ ಬರೆದರೆ ಎರರ್ ಬದಲು ಪಾಯಿಂಟರ್ ನಿಲ್ ಆಗಿ ಬರುತ್ತದೆ. ಆ ಫಂಕ್ಷನ್ 'ಫಾರ್' (ದೂರದ) ಕಾಲ್ ಮಾದರಿಯದ್ದಾಗಿರಬೇಕು. ಆದರೆ ಆಮೇಲೆ ಪ್ರತಿ ಸಲ ನಿಲ್ ನೋಡಬೇಕು. ಮರೆತರೆ 203ಕ್ಕಿಂತ ಕೆಟ್ಟದ್ದು ಆಗುತ್ತದೆ. ನಿಮಗೆ ಮ್ಯಾಕ್ಸ್‌ಅವೇಲ್ ಸಾಕು.

ಇನ್ನೊಂದು ಸಣ್ಣ ವಿಷಯ. ಟರ್ಬೊದ ನೀಲಿ ಪರದೆಯ ಒಳಗಿಂದಲೇ ಓಡಿಸಿದರೆ ಎಡಿಟರ್, ಕಂಪೈಲರ್ ಎಲ್ಲ ಅದೇ 640 ಕೆಬಿಯಲ್ಲಿ ಕೂತಿರುತ್ತವೆ, ಹೀಪ್ ಚಿಕ್ಕದಾಗುತ್ತದೆ. ಇಎಕ್ಸ್‌ಇ ಫೈಲ್ ಮಾಡಿ ಹೊರಗಿಂದ ಓಡಿಸಿ. ಡಾಸ್‌ಬಾಕ್ಸ್‌ನಲ್ಲಿ ವೇಗ ಬೇಕು ಅಂತ ಸೈಕಲ್ಸ್ ವಿಪರೀತ ಏರಿಸಿದರೆ ಶುರುವಿನಲ್ಲೇ ಎರರ್ 200 ಬರಬಹುದು. ಸೊನ್ನೆಯಿಂದ ಭಾಗಿಸಿದ್ದೀರಿ ಅನ್ನುತ್ತದೆ. ಅದು ನಿಮ್ಮ ಕೋಡಿನ ತಪ್ಪಲ್ಲ. ಸಿಆರ್‌ಟಿ ಯೂನಿಟ್ ಯಂತ್ರದ ವೇಗ ಅಳೆಯುವಾಗ ಲೆಕ್ಕ ಉಕ್ಕಿಹೋಗುತ್ತದೆ. ಸೈಕಲ್ಸ್ ಇಳಿಸಿ.

ಫ್ರೀ ಪ್ಯಾಸ್ಕಲ್‌ಗೆ ಹೋಗಲಾ?

ಹೋಗಿ, ಆದರೆ ಸೀಜನ್ ನಡುವೆ ಬೇಡ. ಫ್ರೀ ಪ್ಯಾಸ್ಕಲ್ ದುಡ್ಡಿಲ್ಲದೆ ಸಿಗುತ್ತದೆ, ಈಗಿನ ವಿಂಡೋಸ್‌ನಲ್ಲೂ ಲಿನಕ್ಸ್‌ನಲ್ಲೂ ಓಡುತ್ತದೆ. 64 ಬಿಟ್ ವಿಂಡೋಸ್ ನಿಮ್ಮ ಹಳೆಯ 16 ಬಿಟ್ ಪ್ರೋಗ್ರಾಂ ನೇರವಾಗಿ ಓಡಿಸುವುದಿಲ್ಲ ಅನ್ನೋದಂತೂ ನಿಮಗೆ ಗೊತ್ತೇ ಇದೆ, ಅದಕ್ಕೇ ಡಾಸ್‌ಬಾಕ್ಸ್ ಹಾಕಿದ್ದೀರಿ. ಅಲ್ಲಿ ಡೆಲ್ಫಿ ಅಥವಾ ಆಬ್ಜ್‌ಎಫ್‌ಪಿಸಿ ಮೋಡ್ ಹಾಕಿದರೆ ಗೆಳೆಯ ಹೇಳಿದ ಸೆಟ್‌ಲೆಂತ್ ಕೆಲಸ ಮಾಡುತ್ತದೆ, 64 ಕೆಬಿ ಗೋಡೆ ಇರುವುದಿಲ್ಲ.

ಆದರೆ ಅಲ್ಲಿ ಮೂರು ಕಡೆ ಕಾಲು ಜಾರುತ್ತದೆ. ಡೈನಾಮಿಕ್ ಅರೇ ಸೊನ್ನೆಯಿಂದ ಶುರು ಆಗುತ್ತದೆ, ನಿಮ್ಮ ಲಾಟ್ 1ರಿಂದ. ಒಂದು ಅರೇಯನ್ನು ಇನ್ನೊಂದಕ್ಕೆ := ಹಾಕಿ ಕೊಟ್ಟರೆ ನಕಲು ಆಗುವುದಿಲ್ಲ, ಎರಡೂ ಒಂದೇ ಜಾಗ ತೋರಿಸುತ್ತವೆ. ಅದರಲ್ಲಿ ತಿದ್ದಿದರೆ ಇದರಲ್ಲೂ ತಿದ್ದುತ್ತದೆ. ನಿಜವಾದ ನಕಲು ಬೇಕಾದರೆ ಕಾಪಿ ಫಂಕ್ಷನ್ ಬಳಸಬೇಕು. ಮೂರನೆಯದು ಎಲ್ಲಕ್ಕಿಂತ ಕೆಟ್ಟದ್ದು, ಹಳೆಯ ಡೇಟಾ ಫೈಲ್. ಟರ್ಬೊದ ರಿಯಲ್ 6 ಬೈಟ್, ಫ್ರೀ ಪ್ಯಾಸ್ಕಲ್‌ನ ರಿಯಲ್ 8 ಬೈಟ್. ಆ ಮೋಡ್‌ಗಳಲ್ಲಿ ಇಂಟಿಜರ್ ಕೂಡ 2ರ ಬದಲು 4 ಬೈಟ್ ಆಗುತ್ತದೆ. ನಿಮ್ಮ 42 ಬೈಟಿನ ರೆಕಾರ್ಡ್ 42 ಆಗಿ ಉಳಿಯುವುದಿಲ್ಲ. ಹಳೆಯ ಫೈಲ್ ತೆರೆದರೆ ಓದುತ್ತದೆ, ತಕರಾರು ಮಾಡದೆ ಇರಲೂಬಹುದು, ಆದರೆ ತೂಕ ದರ ಎಲ್ಲ ಹುಚ್ಚುಹುಚ್ಚಾಗಿ ಬರುತ್ತವೆ.

ಇದಕ್ಕೆ ಜಾಣತನದ ಪರಿಹಾರ ಹುಡುಕಬೇಡಿ. ಟರ್ಬೊದಲ್ಲೇ ಒಂದು ಚಿಕ್ಕ ಪ್ರೋಗ್ರಾಂ ಬರೆದು ಎಲ್ಲ ರೆಕಾರ್ಡುಗಳನ್ನು ಸಾದಾ ಟೆಕ್ಸ್ಟ್ ಫೈಲಿಗೆ ಬರೆಸಿ, ಒಂದು ಸಾಲಿಗೆ ಒಂದು ಲಾಟ್. ಹೊಸ ಪ್ರೋಗ್ರಾಂ ಅದನ್ನು ಓದಲಿ. ನೋಟ್‌ಪ್ಯಾಡ್‌ನಲ್ಲಿ ತೆರೆದು ನಿಮ್ಮ ಕಿರ್ದಿ ಪುಸ್ತಕದ ಜೊತೆ ಕಣ್ಣಲ್ಲೇ ತಾಳೆ ನೋಡಬಹುದು.

ಈಗ ಥಪ್ಪಿ ಪದ್ಧತಿ ಮಾಡಿಟ್ಟರೆ ಆ ಶ್ರಮವೂ ದಂಡ ಆಗುವುದಿಲ್ಲ. ಉಳಿದ ಕೋಡೆಲ್ಲ ಲಾಟ್(ನಂ) ಅಂತಲೇ ಕೇಳುತ್ತಿರುತ್ತದೆ. ಮುಂದೆ ಫ್ರೀ ಪ್ಯಾಸ್ಕಲ್‌ಗೆ ಹೋದಾಗ ಸೇರಿಸುವುದು, ಹುಡುಕುವುದು, ಅಳಿಸುವುದು, ಈ ಮೂರರ ಹೊಟ್ಟೆ ಮಾತ್ರ ಬದಲಿಸಿ ಒಳಗೆ ಸೆಟ್‌ಲೆಂತ್ ಕೂರಿಸಿ. ಆಗಲೂ ಒಂದೊಂದೇ ಲಾಟಿಗೆ ಸೆಟ್‌ಲೆಂತ್ ಕರೆಯಬೇಡಿ, 100ರಂತೆ ಬೆಳೆಸಿ. ಸುಮ್ನೆ ಪ್ರತಿ ಸಲ ಇಡೀ ಅರೇ ಎತ್ತಿ ಸಾಗಿಸುವ ಕೆಲಸ ಯಾಕೆ?

ಬದಲಾವಣೆ ಮಾಡುವ ಮೊದಲು ಡೇಟಾ ಮತ್ತು ಸೋರ್ಸ್ ಎರಡನ್ನೂ ಬೇರೆ ಪೆನ್ ಡ್ರೈವ್‌ಗೆ ಹಾಕಿಡಿ. ಆಮೇಲೆ ನಿಜವಾದ ಲಾಟ್ ಹಾಕದೆ, ಒಂದು ಲೂಪ್ ಬರೆದು ಲಾಟ್ ನಂಬರನ್ನೇ ತೂಕವಾಗಿ ಹಾಕಿ 2200 ಸೇರಿಸಿ. ಈಗ 1, 100, 101, 200, 201, 1560, 1561, 2200 ಇಷ್ಟನ್ನು ವಾಪಸ್ ಕೇಳಿ. ಕೇಳಿದ ನಂಬರೇ ತೂಕವಾಗಿ ಬರಬೇಕು. 101 ಕೇಳಿದಾಗ ಬೇರೆ ಥಪ್ಪಿಯ ನಂಬರ್ ಬಂದರೆ ಡಿವ್ ಇರುವ ಕಡೆ ಎಡವಿದ್ದೀರಿ. 100ನೇ ಲಾಟ್ ಸೇರಿಸುವಾಗ ಪ್ರೋಗ್ರಾಂ ಬಿದ್ದರೆ, ಅಥವಾ 100 ಕೇಳಿದಾಗ ಬೇರೆ ಸಂಖ್ಯೆ ಬಂದರೆ, 'ಮೈನಸ್ 1' ಮರೆತಿದ್ದೀರಿ. 0 ಮತ್ತು 2201 ಕೂಡ ಕೇಳಿ ನೋಡಿ. ಅವೆರಡಕ್ಕೂ ನಿಮ್ಮ ತಪ್ಪಿನ ಸಂದೇಶವೇ ಬರಬೇಕು.